ಬೀದರದಿಂದ ಕಲಬುರಗಿಗೆ ಅರ್ಧ ತಾಸು!



ಮೊನ್ನೆ ರಾತ್ರಿ ಹಾಸ್ಟೆಲಿನಲ್ಲಿ ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ದೆವು. ಔರಾದ್ ಕಡೆಯ ಹುಡುಗನೊಬ್ಬ, ಆವತ್ತೇ ಊರಿಂದ ಬಂದವನು, ಮೊಬೈಲು ಹಿಡಿದುಕೊಂಡು ಬಂದ. "ಅಣ್ಣಾ, ಇದೊಂದು ತಮಾಷಿ ನೋಡ್ರಿ. ಬೀದರ ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕ ಎಷ್ಟು ದೂರ ಅಂತ ಕೇಳ್ದೆ. 87 ಕಿಲೋಮೀಟರ್, ಅರ್ಧ ತಾಸು ಅಂತ ಹೇಳ್ಲತ್ತದ. ನಾ ಇವತ್ತ ಮುಂಜಾನಿ ಮನಿ ಬಿಟ್ಟು ಇಲ್ಲಿ ಮುಟ್ಟದ್ರಾಗ ಏಳು ತಾಸು ಆಯ್ತು" ಅಂದ.

ಎಲ್ಲರೂ ನಕ್ಕೆವು. ಆಮೇಲೆ ಮೂಲೆಯಲ್ಲಿದ್ದ ಒಬ್ಬ ಕೇಳಿದ: "ಆ ವಿಮಾನ ಎಷ್ಟಕ್ಕ ಬಿಡ್ತದ?"

ನಗು ನಿಂತಿತು. ಯಾಕೆಂದರೆ ಆ ವಿಮಾನವೇ ಇಲ್ಲ. ಬೀದರದಲ್ಲಿ ವಿಮಾನ ನಿಲ್ದಾಣ ಇದೆ. ಕಲಬುರಗಿಯಲ್ಲೂ ಇದೆ. ಎರಡರ ನಡುವೆ ದೂರ ಇದೆ, ಹಾರಾಟದ ಸಮಯ ಇದೆ. ಹಾರುವ ವಿಮಾನ ಮಾತ್ರ ಇಲ್ಲ. ಇಲ್ಲದ ವಿಮಾನಕ್ಕೆ ನಿಮಿಷದ ಲೆಕ್ಕ ಕೊಡುವ ಈ ಕಾಲದಲ್ಲಿ ನಮ್ಮ ಹುಡುಗನ ಊರಿಗೆ ಬರುವ ಕೆಂಪು ಬಸ್ಸಿಗೆ ಹೊತ್ತುಗೊತ್ತಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಈ ಅರ್ಧ ತಾಸು ಎಲ್ಲಿಂದ ಬಂತು ಅಂತ ನೋಡೋಣ. ಇದರಲ್ಲಿ ಮಂತ್ರ ಏನೂ ಇಲ್ಲ. ಹೈಸ್ಕೂಲಿನ ಹುಡುಗನೂ ಮಾಡಬಹುದಾದ ಲೆಕ್ಕ. ಬೀದರ ನಿಲ್ದಾಣ ಕಲಬುರಗಿ ನಿಲ್ದಾಣಕ್ಕಿಂತ ಸುಮಾರು 0.6 ಡಿಗ್ರಿ ಉತ್ತರಕ್ಕಿದೆ, ಅಂದರೆ 66 ಕಿ.ಮೀ. ಸುಮಾರು 0.53 ಡಿಗ್ರಿ ಪೂರ್ವಕ್ಕಿದೆ, ಅಂದರೆ 56 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಿರಿ, 87 ಬರುತ್ತದೆ. ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ಗೆರೆ ಅದು. ಆ ಗೆರೆಗೆ ಹುಮನಾಬಾದ್ ಗೊತ್ತಿಲ್ಲ, ಹಳ್ಳ ಗೊತ್ತಿಲ್ಲ, ರೈಲ್ವೆ ಗೇಟು ಗೊತ್ತಿಲ್ಲ. ಚಿಕ್ಕ ಊರುಗಳಿಗೆ ಹಾರುವ ಎಟಿಆರ್ ವಿಮಾನ ಒಮ್ಮೆ ಎತ್ತರಕ್ಕೆ ಏರಿದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಆ ಲೆಕ್ಕದಲ್ಲಿ 87 ಕಿ.ಮೀ.ಗೆ ಹತ್ತೇ ನಿಮಿಷ. ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಉರುಳುವುದಕ್ಕೆ ಅಂತ ಇನ್ನಷ್ಟು ಸೇರಿಸಿ ಅರ್ಧ ತಾಸು ಮಾಡುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ತಪ್ಪು ಎಲ್ಲಿದೆ ಅಂದರೆ, ಆ ಗೆರೆಯ ಮೇಲೆ ಮನುಷ್ಯರು ಯಾರೂ ಇಲ್ಲ.

ಸರಿ, ಬೀದರದವನೊಬ್ಬ ಹಟ ಹಿಡಿದು, ಏನೇ ಆಗಲಿ ವಿಮಾನದಲ್ಲೇ ಕಲಬುರಗಿಗೆ ಹೋಗುತ್ತೇನೆ ಅಂದರೆ ಏನು ಮಾಡಬೇಕು? ಬೀದರದಿಂದ ಬೆಂಗಳೂರಿಗೆ ಹಾರಬೇಕು, ನೇರ ಗೆರೆಯಲ್ಲಿ ಸುಮಾರು 520 ಕಿ.ಮೀ. ಬೆಂಗಳೂರಿನಿಂದ ಕಲಬುರಗಿಗೆ ವಿಮಾನ ಇದ್ದ ದಿನ ವಾಪಸು ಹಾರಬೇಕು, ಸುಮಾರು 460 ಕಿ.ಮೀ. 87 ಕಿ.ಮೀ. ದೂರದ ಪಕ್ಕದ ಜಿಲ್ಲೆಗೆ ಹೋಗಲು ಹತ್ತಿರ ಹತ್ತಿರ 1000 ಕಿ.ಮೀ. ಆಕಾಶ ಸುತ್ತಬೇಕು. ನಮ್ಮ ನಾಡಿನ ವಿಮಾನದ ನಕಾಶೆ ಬಿಡಿಸಿ ನೋಡಿ, ಹೆಚ್ಚಿನ ಗೆರೆಗಳು ಬೆಂಗಳೂರಿಗೆ ಓಡುತ್ತವೆ. ಊರಿಂದ ಊರಿಗೆ ಗೆರೆ ಅಪರೂಪ. ಹಿಂದೆ ಗೌಡರ ವಾಡೆಗೆ ಎಲ್ಲ ದಾರಿಗಳೂ ಹೋಗುತ್ತಿದ್ದವಲ್ಲ, ಕೇರಿಯಿಂದ ಪಕ್ಕದೂರಿನ ಕೇರಿಗೆ ಮಾತ್ರ ದಾರಿ ಇರುತ್ತಿರಲಿಲ್ಲ, ಹಾಗೆ.

ಇನ್ನು ಆ ಹುಡುಗನ ಏಳು ತಾಸಿನ ಲೆಕ್ಕ. ಇದನ್ನು ಯಾವ ಯಂತ್ರವೂ ಹೇಳುವುದಿಲ್ಲವಾದ್ದರಿಂದ ನಾವೇ ಕೂತು ಬರೆದೆವು. ಮನೆಯಿಂದ ದೊಡ್ಡ ರಸ್ತೆಗೆ ನಡಿಗೆ ಅರ್ಧ ತಾಸು. ಬಸ್ಸಿಗೆ ಕಾದದ್ದು ಒಂದೂವರೆ ತಾಸು. ಔರಾದಿಗೆ ಬಂದು ಅಲ್ಲಿಂದ ಸುಮಾರು 40 ಕಿ.ಮೀ. ಬೀದರಕ್ಕೆ ಮುಟ್ಟಲು ಒಂದೂವರೆ ತಾಸು. ಬೀದರದಲ್ಲಿ ಕಾದದ್ದು ಅರ್ಧ ತಾಸು. ಬೀದರದಿಂದ ಕಲಬುರಗಿ ಬಸ್ಸು ನಿಲ್ದಾಣಕ್ಕೆ ಎರಡೂವರೆ ತಾಸು. ಅಲ್ಲಿಂದ ಹಾಸ್ಟೆಲಿಗೆ ಮತ್ತೆ ಕಾದು, ನಿಂತು, ನಡೆದು ಅರ್ಧ ತಾಸು. ನೋಡಿ, ಏಳು ತಾಸಿನಲ್ಲಿ ಮೂರು ತಾಸು ಚಕ್ರವೇ ತಿರುಗಲಿಲ್ಲ. ಅವನು ಕಾದದ್ದು ಮತ್ತು ನಡೆದದ್ದು. ಬಡವನ ಪ್ರಯಾಣದಲ್ಲಿ ದೊಡ್ಡ ಪಾಲು ಪ್ರಯಾಣವೇ ಅಲ್ಲ, ಕಾಯುವುದು. ಈ ಕಾಯುವ ಹೊತ್ತನ್ನು ಕಡಿಮೆ ಮಾಡಲು ವಿಮಾನ ಬೇಕಿಲ್ಲ. ಇನ್ನೊಂದು ಬಸ್ಸು ಬೇಕು.

ರೈಲು ಇಲ್ಲವೇ ಅಂತ ಕೇಳುತ್ತೀರಿ. ಇದೆ. ಬೀದರ–ಕಲಬುರಗಿ ರೈಲು ಮಾರ್ಗ 110 ಕಿ.ಮೀ. 1990ರ ದಶಕದಲ್ಲಿ ಮಂಜೂರಾದದ್ದು. 2017ರ ಅಕ್ಟೋಬರ್ 29ರಂದು ಪ್ರಧಾನಿ ಬಂದು ಉದ್ಘಾಟಿಸಿದರು. 110 ಕಿ.ಮೀ. ಹಳಿ ಹಾಸಲು ಎರಡು ದಶಕ! ವರ್ಷಕ್ಕೆ ಐದಾರು ಕಿ.ಮೀ. ಲೆಕ್ಕ. ಮಂಜೂರಾದಾಗ ಹುಟ್ಟಿದ ಕೂಸು ರೈಲು ಬಿಡುವ ಹೊತ್ತಿಗೆ ಡಿಗ್ರಿ ಓದುತ್ತಿತ್ತು. ಹಳಿ ಬಂತು, ಆದರೆ ನಮ್ಮ ಹುಡುಗ ಬೀದರಕ್ಕೆ ಬಂದ ಹೊತ್ತಿಗೆ ಆ ಹಳಿಯ ಮೇಲೆ ರೈಲು ಇರಲಿಲ್ಲ.

ಈಗ ದೊಡ್ಡವರ ಮಾತಿಗೆ ಬರೋಣ. "ಕಲಬುರಗಿಯಿಂದ ಬೆಂಗಳೂರಿಗೆ ಒಂದೇ ಗಂಟೆ!" ಅಂತ ವೇದಿಕೆ ಮೇಲೆ ನಿಂತು ತೊಡೆ ತಟ್ಟುತ್ತಾರಲ್ಲ, ಆ ಒಂದು ಗಂಟೆ ಯಾವುದು? ವಿಮಾನದ ಗಾಲಿಗೆ ಕೊಟ್ಟಿರುವ ಅಡ್ಡಕಟ್ಟೆ ತೆಗೆದಲ್ಲಿಂದ ಇನ್ನೊಂದು ಊರಿನಲ್ಲಿ ಮತ್ತೆ ಅಡ್ಡಕಟ್ಟೆ ಕೊಡುವವರೆಗಿನ ಸಮಯ. ಅದು ವಿಮಾನದ ಗಡಿಯಾರ. ಮನುಷ್ಯನ ಗಡಿಯಾರ ಮನೆಯ ಹೊಸ್ತಿಲು ದಾಟಿದಾಗ ಶುರುವಾಗುತ್ತದೆ.

ಮೈಸೂರನ್ನೇ ತೆಗೆದುಕೊಳ್ಳಿ. 2019ರ ಜೂನ್‌ನಲ್ಲಿ ಸರ್ಕಾರದ 'ಉಡಾನ್' ಯೋಜನೆಯಡಿ ಮೈಸೂರು–ಬೆಂಗಳೂರು ನಡುವೆ ವಿಮಾನ ಬಿಟ್ಟರು. ಹಾರಾಟ ಹೆಚ್ಚುಕಡಿಮೆ ಒಂದು ಗಂಟೆ. ಮೈಸೂರಿನವನು ಮೊದಲು ನಗರದಿಂದ ಹತ್ತು ಹನ್ನೆರಡು ಕಿ.ಮೀ. ಮಂಡಕಳ್ಳಿಗೆ ಹೋಗಬೇಕು. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಅದಕ್ಕೂ ಮೊದಲು ಇರಬೇಕು. ಒಂದು ಗಂಟೆ ಹಾರಿ ದೇವನಹಳ್ಳಿಯಲ್ಲಿ ಇಳಿದರೆ, ಅದು ಬೆಂಗಳೂರಿನ ಇನ್ನೊಂದು ತುದಿ. ಮೆಜೆಸ್ಟಿಕ್ಕಿಗೆ ಇನ್ನೂ 35 ಕಿ.ಮೀ. ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ. ಎಲ್ಲ ಕೂಡಿಸಿ, ನಾಲ್ಕು ಗಂಟೆಗೆ ಕಡಿಮೆ ಇಲ್ಲ. ಮೈಸೂರಿನಿಂದ ಬೆಂಗಳೂರಿಗೆ ರೈಲು ಎರಡರಿಂದ ಮೂರು ಗಂಟೆಯಲ್ಲಿ ಬಂದು ಊರ ನಡುವೆಯೇ ಇಳಿಸುತ್ತದೆ. ಅಂದರೆ ಆಕಾಶದಲ್ಲಿ ಹಾರಿದವನಿಗಿಂತ ನೆಲದ ಮೇಲೆ ಕೂತವನು ಮೊದಲು ತಲುಪುತ್ತಾನೆ! ಈ ವಿಮಾನಕ್ಕೂ ಸರ್ಕಾರದ ಸಹಾಯಧನ ಇತ್ತು. (ಮುಂದೆ ಬೇರೆ ದೇಶಕ್ಕೆ ಹಾರುವವನಿಗೆ ದೇವನಹಳ್ಳಿಯಲ್ಲೇ ಇಳಿಯುವುದು ಅನುಕೂಲ, ನಿಜ. ಅಂಥವರು ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ.)

ಕಲಬುರಗಿಯ ಲೆಕ್ಕ ಬೇರೆ, ಅದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಊರಿಂದ ಹದಿನಾಲ್ಕು ಹದಿನೈದು ಕಿ.ಮೀ. ದೂರದ ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ ಹೋಗಿ, ಕಾದು, ಹಾರಿ, ದೇವನಹಳ್ಳಿಯಲ್ಲಿ ಇಳಿದು, ಮೆಜೆಸ್ಟಿಕ್ ಮುಟ್ಟಲು ಐದು ತಾಸು ಹಿಡಿಯಲಿ. ರೈಲಿಗೆ, ಬಸ್ಸಿಗೆ ಹತ್ತು ಹನ್ನೊಂದು ತಾಸು. ಅರ್ಧ ಉಳಿಯಿತಲ್ಲ ಅನ್ನಬಹುದು. ಯಾರಿಗೆ ಉಳಿಯಿತು? ನಮ್ಮ ಹುಡುಗ ರಾತ್ರಿ ರೈಲು ಹತ್ತುತ್ತಾನೆ, ಜನರಲ್ ಬೋಗಿಯಲ್ಲಿ ಕಾಲು ಮಡಚಿ ಕೂತೋ, ಬಾಗಿಲ ಬಳಿ ಚಾದರ ಹಾಸಿಕೊಂಡೋ ಹೋಗುತ್ತಾನೆ. ಮುಂಜಾನೆ ಇಳಿದು ನಿಲ್ದಾಣದ ನಲ್ಲಿಯಲ್ಲೇ ಮುಖ ತೊಳೆದು, ಅಂಗಿ ಬದಲಿಸಿ ಇಂಟರ್‌ವ್ಯೂಗೆ ಹೋಗುತ್ತಾನೆ. ಸಂಜೆ ಮತ್ತೆ ರೈಲು. ಅವನಿಗೆ ಆ ಹನ್ನೊಂದು ತಾಸು ಪ್ರಯಾಣವೂ ಹೌದು, ಲಾಡ್ಜೂ ಹೌದು. ಹಗಲು ವಿಮಾನದಲ್ಲಿ ಬಂದು ರಾತ್ರಿ ಉಳಿಯುವುದಾದರೆ ಟಿಕೆಟಿನ ಮೇಲೆ ಲಾಡ್ಜಿನ ದುಡ್ಡೂ ಬೇಕು. ಸಮಯ ಉಳಿಸುವುದಕ್ಕೂ ಮೊದಲು ದುಡ್ಡಿರಬೇಕು. ಇಲ್ಲದವನು ಸಮಯವನ್ನೇ ದುಡ್ಡಿನ ಹಾಗೆ ಖರ್ಚು ಮಾಡುತ್ತಾನೆ, ನಿದ್ದೆ ಸಮೇತ.

ಹೊತ್ತು, ದಾರಿ ಎಲ್ಲರಿಗೂ ಒಂದೇ ಅಂತ ಹೇಳುವವರಿಗೆ ಬಾಬಾಸಾಹೇಬರ ಗಾಡಿ ಪ್ರಯಾಣ ನೆನಪಿಸಬೇಕು. 1901ರಲ್ಲಿ, ಸುಮಾರು ಹತ್ತು ವರ್ಷದ ಹುಡುಗ. ಅಣ್ಣನ ಜೊತೆ, ಇನ್ನಿತರ ಹುಡುಗರ ಜೊತೆ, ಒಳ್ಳೆ ಬಟ್ಟೆ ಹಾಕಿಕೊಂಡು ತಂದೆಯನ್ನು ನೋಡಲು ಹೊರಟವರು. ಮಸೂರು ಸ್ಟೇಷನ್ನಿನವರೆಗೆ ರೈಲು ಅವರನ್ನು ಎಲ್ಲರ ಹಾಗೇ ಕರೆದುಕೊಂಡು ಬಂತು. ರೈಲಿಗೆ ಜಾತಿ ಗೊತ್ತಿರಲಿಲ್ಲ. ಇಳಿದ ಮೇಲೆ ಗೊತ್ತಾಯಿತು. ಮಹಾರರ ಮಕ್ಕಳು ಅಂತ ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಅದೂ ಹೇಗೆ? ಹುಡುಗರೇ ಗಾಡಿ ಹೊಡೆಯಬೇಕು, ಅವನು ಮುಟ್ಟದೆ ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿಯೊಳಗೆ ಮುಟ್ಟಬಹುದು ಅಂತ ನಂಬಿ ಹೊರಟ ದಾರಿ ಮಾರನೆಯ ದಿನ ಮುಗಿಯಿತು. ಬುತ್ತಿ ತುಂಬ ಇತ್ತು. ಕುಡಿಯಲು ನೀರು ಕೊಡುವವರು ಇರಲಿಲ್ಲ. ಆದ್ದರಿಂದ ಊಟವೂ ಇಲ್ಲ. ಆ ಎರಡು ಊರುಗಳ ನಡುವಿನ ದೂರ ಬೇರೆ ಹುಡುಗರಿಗೆ ಎಷ್ಟೋ ಅಷ್ಟೇ ಇತ್ತು. ಆ ಹುಡುಗರಿಗೆ ಮಾತ್ರ ಒಂದು ರಾತ್ರಿ ಉದ್ದವಾಯಿತು, ಬಾಡಿಗೆ ಎರಡು ಪಟ್ಟಾಯಿತು.

ನಾನೂ ಒಮ್ಮೆ ವಿಮಾನ ಹತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಯಾವುದೋ ಸಂಕಿರಣಕ್ಕೆ ಕರೆದವರು ಟಿಕೆಟ್ ಕಳಿಸಿದ್ದರು. ಕಿಟಕಿ ಪಕ್ಕ ಕೂತು ಚಿಕ್ಕ ಹುಡುಗನ ಹಾಗೆ ಕೆಳಗೆ ನೋಡಿದೆ. ತೊಗರಿ ಹೊಲ, ಕೆರೆ, ಗುಬ್ಬಚ್ಚಿ ಗೂಡಿನಂಥ ಊರುಗಳು. ಅಷ್ಟು ಎತ್ತರದಿಂದ ಊರು ಯಾವುದು, ಕೇರಿ ಯಾವುದು ತಿಳಿಯಲಿಲ್ಲ. ಒಂದು ಕ್ಷಣ ಹಾಯೆನಿಸಿತು. ಆಗ ಪಕ್ಕದ ಸೀಟಿನ ಮಹಾಶಯರು ನಗುನಗುತ್ತಾ "ಯಾವೂರು? ಯಾರ ಪೈಕಿ?" ಅಂತ ಕೇಳಿದರು. ಇಪ್ಪತ್ತು ಸಾವಿರ ಅಡಿ ಮೇಲೆ!

ವಿಮಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕೆಲವು ಸಂಗಾತಿಗಳು, "ಅದು ಸಾಹುಕಾರರ ವಿಷಯ, ನಮಗ್ಯಾಕೆ ಬಿಡ್ರಿ" ಅನ್ನುತ್ತಾರೆ. ಇದೂ ತಪ್ಪು. ಕೆರೆಯ ನೀರೂ ಒಂದು ಕಾಲಕ್ಕೆ ಅವರ ವಿಷಯವೇ ಆಗಿತ್ತು. ವಿಮಾನ ನಮ್ಮ ದುಡ್ಡಿನಲ್ಲೂ ಹಾರುತ್ತಿದೆ. ಆದ್ದರಿಂದ ಲೆಕ್ಕ ಕೇಳಬೇಕು.

ಲೆಕ್ಕ ಹೀಗಿದೆ. ಉಡಾನ್ ಯೋಜನೆಯನ್ನು 2016ರ ಅಕ್ಟೋಬರ್‌ನಲ್ಲಿ ಸಾರಿದರು. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ ಬಿಟ್ಟ ಪ್ರಧಾನಿ ನರೇಂದ್ರ ಮೋದಿಯವರು, ಹವಾಯಿ ಚಪ್ಪಲಿ ಹಾಕಿದವರು ಹವಾಯಿ ಜಹಜಿನಲ್ಲಿ ಕೂರುವುದನ್ನು ನೋಡಬೇಕು ಅಂದರು. ಚಪ್ಪಲಿಯ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಹೊಲಿದವರು ನಾವು. ಚಪ್ಪಲಿ ಮೆಟ್ಟಿ ದೊಡ್ಡವರ ಓಣಿಯಲ್ಲಿ ನಡೆದದ್ದಕ್ಕೆ ಒದೆ ತಿಂದವರೂ ನಾವು. ಒಂದು ಗಂಟೆಯ, ಸುಮಾರು 500 ಕಿ.ಮೀ. ಹಾರಾಟಕ್ಕೆ ಆಗ ಇಟ್ಟ ಮಿತಿ 2500 ರೂಪಾಯಿ. ಅದೂ ವಿಮಾನದ ಎಲ್ಲ ಸೀಟಿಗೂ ಅಲ್ಲ, ಅರ್ಧದಷ್ಟಕ್ಕೆ ಮಾತ್ರ. ಉಳಿದದ್ದು ಕಂಪನಿ ಹೇಳಿದ ರೇಟು. ಅದೇ 2017-18ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 236 ರೂಪಾಯಿ. ಹವಾಯಿ ಚಪ್ಪಲಿಯ ಅವ್ವ ಹತ್ತು ದಿನ ಮಣ್ಣು ಹೊತ್ತರೂ ಆ ಟಿಕೆಟಿಗೆ ನೂರಾ ನಲವತ್ತು ರೂಪಾಯಿ ಕಡಿಮೆ. ಅದೂ ಹೋಗುವುದಕ್ಕೆ ಮಾತ್ರ. ವಾಪಸು ಬರಲು ಇನ್ನೊಂದು ಹನ್ನೊಂದು ದಿನ.

ಕಂಪನಿಗೆ ಆಗುವ ನಷ್ಟವನ್ನು ತುಂಬಿಕೊಡುವವರು ಯಾರು? ಕೇಂದ್ರ 80 ಪಾಲು, ರಾಜ್ಯ 20 ಪಾಲು. ಕೇಂದ್ರದ ಪಾಲಿಗಾಗಿ ಬೇರೆ ಮಾರ್ಗದ ವಿಮಾನಗಳ ಮೇಲೆ ಸುಂಕ ಹಾಕಿದ್ದಾರೆ. ಅದು ಹಾರುವವರ ದುಡ್ಡು, ಒಪ್ಪೋಣ. ರಾಜ್ಯದ 20 ಪಾಲು ಯಾರ ದುಡ್ಡು? ಬೆಂಕಿಪೊಟ್ಟಣ ಕೊಳ್ಳುವವನೂ ತೆರಿಗೆ ಕೊಡುತ್ತಾನೆ. ಇದರ ಮೇಲೆ ಜಮೀನು ರಾಜ್ಯ ಕೊಡಬೇಕು. ಪೊಲೀಸು, ಅಗ್ನಿಶಾಮಕ ಪುಕ್ಕಟೆ ಕೊಡಬೇಕು. ಇನ್ನೂ ಒಂದಿದೆ, ಅದನ್ನು ನಿಧಾನವಾಗಿ ಓದಿ. ಈ ಯೋಜನೆಗೆ ಸೇರುವ ರಾಜ್ಯ, ಇಂಥ ನಿಲ್ದಾಣಗಳಲ್ಲಿ ತುಂಬುವ ವಿಮಾನದ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಹತ್ತು ವರ್ಷದವರೆಗೆ ನೂರಕ್ಕೆ 1 ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಬೇಕು. ನೂರಕ್ಕೆ ಒಂದು! ನಮ್ಮ ಕೆಂಪು ಬಸ್ಸು ಕುಡಿಯುವ ಡೀಸೆಲ್ಲಿನ ಮೇಲೆ ಕರ್ನಾಟಕ ಸರ್ಕಾರ ಎಷ್ಟು ಮಾಡಿತು ಗೊತ್ತೆ? 2025ರ ಏಪ್ರಿಲ್ 1ರಿಂದ ನೂರಕ್ಕೆ 21.17. ಅದೇ ವರ್ಷ ಜನವರಿ 5ರಿಂದ ಬಸ್ ದರ ನೂರಕ್ಕೆ 15 ಏರಿಸಿದ್ದರು. ಮೇಲೆ ಹಾರುವವನ ಎಣ್ಣೆಗೆ ಒಂದು, ಕೆಳಗೆ ನೇತಾಡುವವನ ಎಣ್ಣೆಗೆ ಇಪ್ಪತ್ತೊಂದು. ಇದನ್ನು ಅರ್ಥ ಮಾಡಿಕೊಳ್ಳಲು ಅರ್ಥಶಾಸ್ತ್ರದ ಎಂ.ಎ. ಬೇಕೇನ್ರಿ?

ಭಾಷೆಯ ಚಮತ್ಕಾರ ಬೇರೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡಲು ಬಿಟ್ಟಾಗ ಎಂಥ ಗದ್ದಲ ಎಬ್ಬಿಸಿದರು! ಬಿಟ್ಟಿ ಭಾಗ್ಯ, ಖಜಾನೆ ಬರಿದು, ಹೆಂಗಸರು ಸುಮ್ಮನೆ ಊರು ಸುತ್ತುತ್ತಾರೆ ಅಂತೆಲ್ಲಾ. ನಮ್ಮ ಅವ್ವಂದಿರು ಆ ಬಸ್ಸಿನಲ್ಲಿ ದವಾಖಾನೆಗೆ ಹೋದರು, ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಿ ಬಂದರು, ಸಂತೆಗೆ ಹೋದರು. ಅದು ಬಿಟ್ಟಿ. ವಿಮಾನದ ಖಾಲಿ ಸೀಟಿಗೆ ಸರ್ಕಾರ ದುಡ್ಡು ತುಂಬಿದರೆ ಅದಕ್ಕೆ 'ಕಾರ್ಯಸಾಧ್ಯತಾ ಅಂತರ ನಿಧಿ' ಅಂತ ಹೆಸರು. ಎಷ್ಟು ಗಂಭೀರ ಹೆಸರು ನೋಡಿ, ಉಚ್ಚರಿಸುವ ಹೊತ್ತಿಗೆ ನಾಲಿಗೆ ಸುಸ್ತಾಗಿ ಪ್ರಶ್ನೆ ಕೇಳುವ ಶಕ್ತಿಯೇ ಇರುವುದಿಲ್ಲ. ಬಡವಿಗೆ ಕೊಟ್ಟರೆ ಭಿಕ್ಷೆ, ಕಂಪನಿಗೆ ಕೊಟ್ಟರೆ ನಿಧಿ.

ಇಷ್ಟು ಕೊಟ್ಟು ಬಂದದ್ದೇನು? ಇದನ್ನು ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಸರ್ಕಾರದ ಲೆಕ್ಕಪರಿಶೋಧಕರೇ ಹೇಳಲಿ. ಭಾರತದ ಮಹಾಲೇಖಪಾಲರ 2023ರ ವರದಿ ಪ್ರಕಾರ, ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ 403 ಮಾರ್ಗಗಳಲ್ಲಿ ವಿಮಾನ ಶುರುವೇ ಆಗಲಿಲ್ಲ. ಶುರುವಾದದ್ದು 371. ಸಹಾಯಧನದ ಮೂರು ವರ್ಷದ ಅವಧಿ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಹಾರುತ್ತಲೇ ಇದ್ದದ್ದು 54. ನೂರಕ್ಕೆ ಏಳು. ಪರೀಕ್ಷೆಯಲ್ಲಿ ನಮಗೆ ನೂರಕ್ಕೆ ಏಳು ಬಂದಿದ್ದರೆ ಹಾಸ್ಟೆಲಿನಿಂದ ಗಂಟುಮೂಟೆ ಕಟ್ಟಿಸುತ್ತಿದ್ದರು, "ನಿಮಗೆ ಎಷ್ಟು ಕೊಟ್ಟರೂ ಅಷ್ಟೇ" ಅನ್ನುತ್ತಿದ್ದರು.

ಬೀದರದ ಕಥೆಯೇ ಕೇಳಿ. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು, ಹಾರ ತುರಾಯಿ, ಫೋಟೋ. ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು, ಮತ್ತೆ ಹಾರ ತುರಾಯಿ. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರು, ಮತ್ತೆ ಫೋಟೋ. ಒಂದೇ ಮದುವೆಗೆ ಮೂರು ಸಲ ಅಕ್ಷತೆ ಹಾಕಿದ ಹಾಗಾಯಿತು. ಕಲಬುರಗಿ ನಿಲ್ದಾಣಕ್ಕೆ ಅಡಿಗಲ್ಲು ಇಟ್ಟದ್ದು 2008ರಲ್ಲಿ, ಬಾಗಿಲು ತೆರೆದದ್ದು 2019ರ ನವೆಂಬರ್ 22ರಂದು. ಮೂರು ಕಿ.ಮೀ.ಗೂ ಉದ್ದದ ಓಡುಹಾದಿ ಅಲ್ಲಿದೆ. ಅಷ್ಟು ಒಳ್ಳೆಯ ಮೂರು ಕಿ.ಮೀ. ರಸ್ತೆ ನಮ್ಮ ಚಿಂಚೋಳಿ ಕಡೆಯ ಎಷ್ಟು ತಾಂಡಾಗಳಿಗಿದೆ, ಎಷ್ಟು ಕೇರಿಗಳಿಗಿದೆ?

ದೂರವನ್ನು ಕಡಿಮೆ ಮಾಡಲು ಎರಡು ದಾರಿ ಇವೆ. ಮನುಷ್ಯನನ್ನು ಬೇಗ ಓಡಿಸುವುದು ಒಂದು. ಅವನು ಓಡಬೇಕಾಗಿರುವ ಜಾಗವನ್ನೇ ಹತ್ತಿರ ತರುವುದು ಇನ್ನೊಂದು. ಎರಡನೆಯದರಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ, ಆದ್ದರಿಂದ ಯಾರೂ ಅದರ ಮಾತೆತ್ತುವುದಿಲ್ಲ. ಆದರೆ ಅದು ಆಗದ ಮಾತಲ್ಲ, ಆಗಿದೆ. 2008ರ ತನಕ ಈ ಭಾಗದ ರೈತ ಹೊಲದ ವ್ಯಾಜ್ಯಕ್ಕೆ, ಕೈಯಲ್ಲಿ ಕಾಗದದ ಗಂಟು ಹಿಡಿದು ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕಿತ್ತು. ಆ ವರ್ಷ ಧಾರವಾಡ, ಕಲಬುರಗಿಯಲ್ಲಿ ಸಂಚಾರಿ ಪೀಠ ಬಂದವು. 2013ರಲ್ಲಿ ಅವು ಕಾಯಂ ಆದವು. ನ್ಯಾಯ ಹತ್ತಿರ ಬಂತೋ ಇಲ್ಲವೋ, ನ್ಯಾಯಾಲಯವಾದರೂ ಬಂತು. ಯಾವ ವಿಮಾನವೂ ಇಲ್ಲದೆ ಸಾವಿರಾರು ಜನರ ಐನೂರು ಆರುನೂರು ಕಿ.ಮೀ. ದಾರಿ ಉಳಿಯಿತು. ಜನ ಕೇಳಿದರು, ಬೀದಿಗಿಳಿದರು, ಆದ್ದರಿಂದ ಬಂತು.

ಈಗ ನಮ್ಮ ಪಾಡು ನೋಡಿ. ಕಳೆದ ಸಲ ನಮ್ಮ ಜೊತೆಯ ಒಬ್ಬನಿಗೆ ಒಂದು ನೌಕರಿಗೆ ಮೂಲ ದಾಖಲೆ ತೋರಿಸಲು ಬೆಂಗಳೂರಿನ ಕಚೇರಿಯೊಂದರಿಂದ ಕರೆ ಬಂತು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಅಲ್ಲಿ ಕುರ್ಚಿ ಮೇಲೆ ಕೂತವರು ಜಾತಿ ಪತ್ರ, ಅಂಕಪಟ್ಟಿ ತಿರುವಿ ಹಾಕಿ ಸೀಲು ಒತ್ತಿದ್ದು ನಾಲ್ಕು ನಿಮಿಷ. ಆ ಜಾತಿ ಪತ್ರ ಕೊಟ್ಟದ್ದು ಅವನ ಸ್ವಂತ ತಾಲೂಕಿನ ತಹಸೀಲ್ದಾರರು. ಇಲ್ಲಿ ಕೊಟ್ಟ ಪತ್ರ ನಿಜವೋ ಸುಳ್ಳೋ ಅಂತ ಆರುನೂರು ಕಿ.ಮೀ. ಆಚೆ ಒಬ್ಬ ನೋಡಬೇಕು! ಅದೇ ಸಲ ಕರೆ ಬಂದಿದ್ದ ಹುಡುಗಿಯೊಬ್ಬಳು ಹೋಗಲೇ ಇಲ್ಲ. ಜೊತೆಗೆ ಅಪ್ಪ ಬರಬೇಕು, ಅಪ್ಪನಿಗೆ ಎರಡು ದಿನದ ಕೂಲಿ ಹೋಗುತ್ತದೆ, ಸಾಲ ಕೇಳಿದ ಕಡೆ ಸಿಗಲಿಲ್ಲ. ಅವಳ ಹೆಸರಿನ ಮುಂದೆ 'ಗೈರುಹಾಜರು' ಅಂತ ಬರೆದು ಮುಗಿಸಿದರು. ಮೀಸಲಾತಿಯ ಸ್ಥಾನ ಖಾಲಿ ಉಳಿದರೆ "ಅರ್ಹರು ಸಿಗಲಿಲ್ಲ" ಅಂತ ಹೇಳುತ್ತಾರಲ್ಲ, ಆ ಅರ್ಹರಲ್ಲಿ ಎಷ್ಟು ಜನ ಬಸ್ ಸ್ಟ್ಯಾಂಡಿನಲ್ಲೇ ಉಳಿದರು ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ?

ಇದನ್ನು ಓದಿ, "ಹಾಗಾದರೆ ನಮ್ಮ ಭಾಗಕ್ಕೆ ವಿಮಾನ ಬಂದದ್ದೇ ತಪ್ಪೇ, ಬೆಂಗಳೂರಿನವರಿಗೆ ಮಾತ್ರ ಇರಲಿ ಅನ್ನುತ್ತೀಯಾ" ಅಂತ ನಮ್ಮವರೇ ಜಗಳಕ್ಕೆ ಬರುತ್ತಾರೆ, ಗೊತ್ತು. ಹೃದಯದ ಕಾಯಿಲೆಯವರನ್ನು ಬೇಗ ಸಾಗಿಸಬೇಕು, ಕಾರ್ಖಾನೆ ಬರಬೇಕು ಅಂದರೆ ವಿಮಾನ ಬೇಕು ಅನ್ನುತ್ತಾರೆ. ಇರಲಿ, ಹಾರಲಿ. ನನ್ನ ಜಗಳ ವಿಮಾನದ ಜೊತೆ ಅಲ್ಲ. ಒಂದು ಸೀಟಿಗೆ ದುಡ್ಡು ಹಾಕುವ ಸರ್ಕಾರ ಅದೇ ಊರಿನ ಒಂದು ಬಸ್ಸಿಗೆ ದುಡ್ಡಿಲ್ಲ ಅನ್ನುವಾಗ ಜಗಳ. ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ ದೂರ ಅಳೆದು, ಕೇರಿಯಿಂದ ನಿಲ್ದಾಣಕ್ಕಿರುವ ದೂರವನ್ನು ಬಿಟ್ಟುಬಿಡುವಾಗ ಜಗಳ. 371 ಜೆ ಕೊಟ್ಟೆವು, ಹೈದರಾಬಾದ್ ಕರ್ನಾಟಕದ ಹೆಸರು ಬದಲಿಸಿ 2019ರಲ್ಲಿ ಕಲ್ಯಾಣ ಅಂತ ಮಾಡಿದೆವು, ವಿಮಾನವನ್ನೂ ಕೊಟ್ಟೆವು, ಇನ್ನೇನು ಬೇಕು ನಿಮಗೆ ಅಂತ ಕೇಳುವವರಿಗೆ ಉತ್ತರ ಸರಳ: ಔರಾದಿನ ಹಳ್ಳಿಗೆ ಮುಂಜಾನೆ ಆರಕ್ಕೆ ಒಂದು ಬಸ್ಸು, ಸಂಜೆ ಎಂಟಕ್ಕೆ ಒಂದು ಬಸ್ಸು. ಬೀದರ–ಕಲಬುರಗಿ ಹಳಿಯ ಮೇಲೆ ಕಾಲೇಜಿನ ಹೊತ್ತಿಗೆ ರೈಲು. ದಾಖಲೆ ನೋಡುವ ಕೆಲಸ, ಇಂಟರ್‌ವ್ಯೂ, ಕೌನ್ಸೆಲಿಂಗು ಎಲ್ಲ ಕಲಬುರಗಿಯಲ್ಲೇ. ಹಾಗೂ ಬೆಂಗಳೂರಿಗೆ ಕರೆಯಲೇಬೇಕಾದರೆ ಹೋಗಿಬರುವ ಖರ್ಚು ಕರೆದವರೇ ಕೊಡಬೇಕು. ಹುಡುಗಿಯ ಜೊತೆ ಬರುವವರ ಖರ್ಚೂ ಸೇರಿ.

ಇದನ್ನು ಬರೀ ಬಾಯಲ್ಲಿ ಹೇಳಿದರೆ ಕೇಳುವವರಿಲ್ಲ, ಅವರಿಗೆ ಅಂಕಿ ಬೇಕು. ಆದ್ದರಿಂದ ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ಬರೆದುಕೊಂಡು ಬನ್ನಿ. ಊರಿನ ಹೆಸರು. ಮನೆ ಬಿಟ್ಟ ಹೊತ್ತು. ಬಸ್ಸಿಗೆ ಕಾದದ್ದು ಎಷ್ಟು, ನಡೆದದ್ದು ಎಷ್ಟು, ನಿಂತು ಬಂದದ್ದು ಎಷ್ಟು. ಹಾಸ್ಟೆಲ್ ಮುಟ್ಟಿದ ಹೊತ್ತು. ಕಳೆದ ವರ್ಷ ಯಾವುದಾದರೂ ಪರೀಕ್ಷೆ, ಇಂಟರ್‌ವ್ಯೂ ತಪ್ಪಿದ್ದರೆ ಯಾಕೆ ತಪ್ಪಿತು, ಅದನ್ನೂ ಬರೆಯಿರಿ. ಹುಡುಗಿಯರ ಹಾಸ್ಟೆಲಿನವರು ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಅಂತ ತಪ್ಪದೆ ಬರೆಯಬೇಕು. ಎಲ್ಲ ಚೀಟಿ ಕೂಡಿಸಿ ನಾವೇ ಒಂದು ಪಟ್ಟಿ ಮಾಡೋಣ, ತಾಲೂಕುವಾರು, ನಿಮಿಷದ ಸಮೇತ. ಔರಾದಿನ ಹುಡುಗ ತನ್ನದನ್ನು ಆಗಲೇ ಬರೆದು ಕೊಟ್ಟಿದ್ದಾನೆ: ಏಳು ತಾಸು.